ಹಳೆಯ ಮೇಣದ ಸಿಲಿಂಡರ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಪಟ್ಟಣದಲ್ಲಿ ನೆಲೆಸಿದ್ದೇನೆ. ಹಳೆಯ ಮನೆಯೊಂದರ ಸಾಮಾನುಗಳ ಮಾರಾಟದಲ್ಲಿ ಚಾಲ್ತಿಯಲ್ಲಿರುವ ಒಂದು ಫೋನೋಗ್ರಾಫ್ (ಧ್ವನಿ ಮುದ್ರಿಸಿ ಕೇಳಿಸುವ) ಯಂತ್ರವೂ, ಪೆಟ್ಟಿಗೆ ತುಂಬ ಧ್ವನಿ ಮುದ್ರಿಸಿರುವ ಕೊಳವೆಯಂಥ ಸಿಲಿಂಡರ್‌ಗಳೂ ಸಿಕ್ಕಿವೆ. ಕೆಲವು ಕಂದು, ಕೆಲವು ಕಪ್ಪು, ಕೆಲವು ನೀಲಿ ಬಣ್ಣದವು. ಇವುಗಳಲ್ಲಿ ಅಪರೂಪದವು ಯಾವುವು? ಎಲ್ಲವನ್ನೂ ಇದೇ ಯಂತ್ರದಲ್ಲಿ ಹಾಕಿ ಕೇಳಬಹುದೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ ಮೊದಲ ಫೋನೋಗ್ರಾಫನ್ನು ರೂಪಿಸಿದ ಮೆನ್ಲೊ ಪಾರ್ಕ್ ಇಂದು ನಿಮ್ಮ ಪಟ್ಟಣದ ಎಲ್ಲೆಯೊಳಗೇ ಇದೆ, ಸರಕು ಸಿಗಬೇಕಾದ ಕಡೆಯೇ ಸಿಕ್ಕಿದೆ ಎನ್ನಬಹುದು. ಆದರೆ ಯಾವ ಸಿಲಿಂಡರ್ ಯಾವ ಜಾತಿಯದೆಂದು ಗುರುತಿಸುವವರೆಗೆ ದಯವಿಟ್ಟು ಒಂದನ್ನೂ ಯಂತ್ರಕ್ಕೆ ಏರಿಸಬೇಡಿ. ನೀಲಿ ಸಿಲಿಂಡರ್‌ಗೆಂದು ಮಾಡಿದ ವಜ್ರದ ಸೂಜಿ ಕಂದು, ಕಪ್ಪು ಬಣ್ಣದ ಮೇಣದ ಸಿಲಿಂಡರ್ ಮೇಲೆ ಒಮ್ಮೆ ಹರಿದರೂ ಧ್ವನಿಯನ್ನು ಹಿಡಿದಿಟ್ಟಿರುವ ಗೆರೆಗಳನ್ನು ಕೆತ್ತಿ ಹಾಕುತ್ತದೆ. ಹಾಗೆ ಹಾಳಾದುದನ್ನು ಮತ್ತೆ ಸರಿಪಡಿಸಲಾಗದು.

ನಿಮ್ಮಲ್ಲಿರುವ ಕಂದು ಬಣ್ಣದವು ಹೆಚ್ಚಾಗಿ 1902ಕ್ಕಿಂತ ಹಿಂದಿನವು. ಅಚ್ಚು ಹಾಕಿ ಪ್ರತಿಗಳನ್ನು ತೆಗೆಯುವ ವಿಧಾನ ಆಗ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲವಾದ್ದರಿಂದ, ಸಾಲಾಗಿ ಇರಿಸಿದ ಮುದ್ರಣ ಯಂತ್ರಗಳ ಕಹಳೆಗಳ ಮುಂದೆ ನಿಂತ ಗಾಯಕ ಅದೇ ಹಾಡನ್ನು ದಿನವಿಡೀ ಹಾಡುತ್ತಿದ್ದ, ಒಂದೊಂದು ಸುತ್ತಿಗೂ ಕೆಲವೇ ಸಿಲಿಂಡರ್‌ಗಳು ತಯಾರಾಗುತ್ತಿದ್ದವು. ಯಂತ್ರದಿಂದ ನಕಲು ತೆಗೆದರೂ ಅವುಗಳ ಸಂಖ್ಯೆಗೆ ಮಿತಿಯಿತ್ತು. ಎಂದರೆ ನಿಮ್ಮ ಕೈಯಲ್ಲಿರುವ ಗಾಯನ ಜಗತ್ತಿನ ಬೇರಾವ ಪ್ರತಿಯಲ್ಲೂ ಉಳಿದಿಲ್ಲದೆ ಇರಬಹುದು. ಶೀರ್ಷಿಕೆಯನ್ನು ಮೈಮೇಲೆ ಹುಡುಕಬೇಡಿ, ಇರುವುದಿಲ್ಲ. ಹಾಡಿಗೆ ಮುನ್ನ ಒಬ್ಬಾತ ಹಾಡಿನ ಹೆಸರನ್ನೂ ಕಂಪನಿಯ ಹೆಸರನ್ನೂ ಗಟ್ಟಿಯಾಗಿ ಹೇಳುವುದು ಆಗಿನ ವಾಡಿಕೆ. ಹಾಗೆ ಏನನ್ನೂ ಹೇಳದೆ ಮಗುವಿನ ನಗುವೋ ಮನೆಯವರ ಮಾತೋ ಕೇಳಿಸಿದರೆ ಅದು ಮನೆಯಲ್ಲೇ ಮುದ್ರಿಸಿಕೊಂಡದ್ದು. ವ್ಯಾಪಾರಿಗಳು ಇಂಥವನ್ನು ಕಡೆಗಣಿಸುವುದುಂಟು, ನನಗಂತೂ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ.

ಕಪ್ಪು ಬಣ್ಣದವುಗಳಲ್ಲಿ ಎರಡು ಬಗೆ. 1902ರಿಂದ ಅಚ್ಚಿನಲ್ಲಿ ತೆಗೆದವು ಎರಡು ನಿಮಿಷದವು, ಅಂಗುಲಕ್ಕೆ 100 ಗೆರೆ. 1908ರಲ್ಲಿ ಬಂದ ‘ಅಂಬೆರಾಲ್’ ಎಂಬ ಎಡಿಸನ್ ಕಂಪನಿಯ ಸಿಲಿಂಡರ್ ನಾಲ್ಕು ನಿಮಿಷದ್ದು, ಅಂಗುಲಕ್ಕೆ 200 ಗೆರೆ. ಇವೆರಡಕ್ಕೂ ಬೇರೆ ಬೇರೆ ನೀಲಮಣಿ ಸೂಜಿಯ ತಲೆಗಳು ಬೇಕು. ಕಪ್ಪು ಅಂಬೆರಾಲ್ ಬಹಳ ನಾಜೂಕಾದ ವಸ್ತು. ಚಳಿಯಲ್ಲಿದ್ದುದನ್ನು ಬೆಚ್ಚಗಿನ ಕೈಯಲ್ಲಿ ಹಿಡಿದರೂ ಸೀಳು ಬಿಡಬಹುದು. ಯಾವ ಸಿಲಿಂಡರನ್ನೇ ಆಗಲಿ ಹೊರಮೈ ಮುಟ್ಟದೆ, ಒಳಗೆ ಎರಡು ಬೆರಳು ತೂರಿಸಿ ಅಗಲಿಸಿ ಎತ್ತಬೇಕು.

ನೀಲಿ ಅಂಬೆರಾಲ್ 1912ರಿಂದ 1929ರವರೆಗೆ ತಯಾರಾದದ್ದು. ಮೇಣವಲ್ಲ, ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ಆದ್ದರಿಂದ ಗಟ್ಟಿ, ಹೇರಳವಾಗಿ ಉಳಿದಿದೆ, ಹಾಗಾಗಿ ಬಹುಪಾಲಿಗೆ ಬೆಲೆಯೂ ಕಡಿಮೆ. ತೇವಕ್ಕೆ ಅದರ ಒಳಗಿನ ಪ್ಲಾಸ್ಟರ್ ಉಬ್ಬಿಕೊಂಡು ಯಂತ್ರದ ದಿಂಡಿಗೆ ಕೂರುವುದಿಲ್ಲ. ಬಲವಂತವಾಗಿ ತಳ್ಳಿದರೆ ಒಡೆಯುತ್ತದೆ.

ಮೇಣದ ಮೈಮೇಲೆ ಬಿಳಿಯ ಚುಕ್ಕೆಗಳು ಕಂಡರೆ ಅದು ಧೂಳಲ್ಲ, ಬೂಷ್ಟು. ಅದು ಮೇಣವನ್ನೇ ತಿಂದಿರುವುದರಿಂದ ಒರೆಸಿದರೆ ಚುಕ್ಕೆ ಹೋಗಬಹುದೇ ಹೊರತು ಧ್ವನಿ ಮರಳುವುದಿಲ್ಲ. ಅಂಥವನ್ನು ಬೇರೆ ಇರಿಸಿ, ಉಳಿದವನ್ನು ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಕಂದು ಬಣ್ಣದವನ್ನು ಕೇಳಲೇಬೇಕೆಂದಿದ್ದರೆ, ಹಗುರವಾದ ಸೂಜಿಯಿರುವ ಇಂದಿನ ಯಂತ್ರದಲ್ಲಿ ಒಮ್ಮೆ ಡಿಜಿಟಲ್ ಪ್ರತಿ ಮಾಡಿಸಿಕೊಂಡು ಆ ಪ್ರತಿಯನ್ನೇ ಕೇಳುವುದು ಲೇಸು. ಅದಕ್ಕೂ ಮೊದಲು ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯವು ಅಂತರಜಾಲದಲ್ಲಿ ಉಚಿತವಾಗಿ ಕೇಳಿಸುವ 10,000ಕ್ಕೂ ಹೆಚ್ಚು ಸಿಲಿಂಡರ್‌ಗಳ ಸಂಗ್ರಹದಲ್ಲಿ ನಿಮ್ಮದು ಇದೆಯೇ ಎಂದು ಹುಡುಕಿ ನೋಡಿ.

ಪ್ರಶ್ನೆ: ಫೋನೋಗ್ರಾಫ್‌ನಲ್ಲಿ ಮೊತ್ತಮೊದಲು ಮುದ್ರಣಗೊಂಡದ್ದು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಪಠಿಸಿದ ಋಗ್ವೇದದ ‘ಅಗ್ನಿಮೀಳೇ ಪುರೋಹಿತಂ’ ಎಂಬ ಸಂದೇಶ ಮೊಬೈಲಿನಲ್ಲಿ ಹರಿದಾಡುತ್ತಿದೆ. ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಇದಕ್ಕೆ ಆಧಾರವಿಲ್ಲ. ಎಡಿಸನ್ ಸ್ವತಃ ಹೇಳಿಕೊಂಡಂತೆ, ತವರದ ತೆಳುಹಾಳೆಯ ಮೇಲೆ ಮೊದಲು ಮೂಡಿದ್ದು ‘ಮೇರಿ ಹ್ಯಾಡ್ ಎ ಲಿಟ್ಲ್ ಲ್ಯಾಂಬ್’ ಎಂಬ ಶಿಶುಗೀತೆಯ ಸಾಲು.

ಪ್ರಶ್ನೆ: ಗೌಹರ್ ಜಾನ್ ಅವರ 1902ರ ಮೊದಲ ಧ್ವನಿಮುದ್ರಣದ ಸಿಲಿಂಡರ್ ತನ್ನಲ್ಲಿದೆ ಎಂದು ವ್ಯಾಪಾರಿಯೊಬ್ಬರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕೊಳ್ಳಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೊಳ್ಳಬೇಡಿ. ನಿಮ್ಮ ಊರಿನ ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹಾಗಾಯಕಿಯ ನೆನಪಿಗೆ ಮೈಸೂರಿನವರು ಮನಸೋಲುವುದು ಸಹಜವೇ. ಆದರೆ 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದ್ದು ಗ್ರಾಮಫೋನ್ ತಟ್ಟೆಗಳಿಗೆ, ಸಿಲಿಂಡರ್‌ಗಳಿಗಲ್ಲ. ಭಾರತದಲ್ಲಿ ಸಿಲಿಂಡರ್‌ಗಳನ್ನು ಮಾಡಿ ಮಾರಿದವರಲ್ಲಿ ಹೆಸರಾದವರು ಕಲ್ಕತ್ತೆಯಲ್ಲಿ ‘ಕುಂತಲೀನ್’ ಕೇಶತೈಲ ತಯಾರಿಸುತ್ತಿದ್ದ ಹೇಮೇಂದ್ರ ಮೋಹನ್ ಬೋಸ್. ರವೀಂದ್ರನಾಥ ಠಾಕೂರರ ಕಂಠವನ್ನೂ ಅವರು ಮುದ್ರಿಸಿದ್ದರು. ಅವುಗಳಲ್ಲಿ ಉಳಿದಿರುವುದು ತೀರ ವಿರಳವಾದ್ದರಿಂದ, ವ್ಯಾಪಾರಿ ಹೆಸರು ಬದಲಿಸಿ ಬೋಸರ ಸಿಲಿಂಡರ್ ಎಂದು ಹೇಳತೊಡಗಿದರೂ, ತಿಳಿದವರು ಅದನ್ನು ಪರಿಶೀಲಿಸಿ ಡಿಜಿಟಲ್ ಪ್ರತಿ ಮಾಡಿ ಕೇಳಿಸುವವರೆಗೆ ಮುಂಗಡ ಕೊಡಬೇಡಿ.