ಗೀಜಗ ಮತ್ತು ಚಗಳಿ: ನಿಮ್ಮ ಲೇಖನದ ಬಗ್ಗೆ

ಮಾನ್ಯರೆ,

ಗೀಜಗ ಹಕ್ಕಿ ಮತ್ತು ಚಗಳಿ ಇರುವೆಗಳ ಗೂಡು ಕಟ್ಟುವ ಕೌಶಲವನ್ನು ಹೋಲಿಸಿ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ವಿಷಯದ ಆಯ್ಕೆ ತುಂಬಾ ಹಿಡಿಸಿತು. ಆದರೆ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು.

"ತಾಯಿ ಗೀಜಗ ಮರಿಗಳಿಗಾಗಿ ಗೂಡು ನೇಯುತ್ತದೆ" ಎಂದು ಬರೆದಿದ್ದೀರಿ. ನೇಯುವುದು ಗಂಡು. ಮುಂಗಾರಿನಲ್ಲಿ ನೆತ್ತಿ ಹಳದಿಯಾಗುವ ಗಂಡು ಹಕ್ಕಿ ಹುಲ್ಲು, ಭತ್ತದ ಗರಿಗಳಿಂದ ಸೀಳಿ ತಂದ ಎಳೆಗಳನ್ನು ಕೊಕ್ಕಿನಿಂದಲೇ ಗಂಟು ಹಾಕಿ ಹೆಣೆಯುತ್ತ ಗೂಡನ್ನು ಅರ್ಧ ಮುಗಿಸುವ ಹೊತ್ತಿಗೆ ಹೆಣ್ಣು ಬಂದು ಪರೀಕ್ಷಿಸುತ್ತದೆ. ಅದು ಒಪ್ಪಿದ ಮೇಲೆ ಕೊಳವೆಯಂಥ ಬಾಗಿಲನ್ನು ಪೂರ್ತಿ ಮಾಡಿ, ಗಂಡು ಮತ್ತೊಂದು ಹೆಣ್ಣಿಗಾಗಿ ಇನ್ನೊಂದು ಗೂಡಿಗೆ ತೊಡಗುತ್ತದೆ. ಹಾಗೆಯೇ, ನೀವು "ದುಡಿಯುವ ಗಂಡಿರುವೆಗಳು" ಎಂದು ಕರೆದ ಚಗಳಿಗಳೆಲ್ಲ ಹೆಣ್ಣುಗಳು. ಗೀಜಗನ ಗೂಡಿನೊಳಗೆ ಹಸಿಮಣ್ಣು ಮೆತ್ತಿರುವುದು ನಿಜವೇ ಹೊರತು, ಅದಕ್ಕೆ ಮಿಂಚುಹುಳು ಅಂಟಿಸಿ ಬೆಳಕು ಮಾಡಿಕೊಳ್ಳುತ್ತದೆ ಎಂಬುದು ಜನರ ನಂಬಿಕೆ. ಅದನ್ನು ನಂಬಿಕೆಯೆಂದೇ ಬರೆಯಿರಿ.

ಇದಕ್ಕಿಂತ ದೊಡ್ಡ ಕೊರತೆ ಹೋಲಿಕೆಯಲ್ಲಿದೆ. ಎರಡೂ ಶ್ರಮಜೀವಿಗಳು, ಎರಡೂ ನಮಗೆ ಮಾದರಿ ಎಂಬ ಮಾತನ್ನು ಪುಟಪುಟಕ್ಕೂ ಹೇಳಿದ್ದೀರಿ. ಜೇನ್ನೊಣ, ಮರಕುಟಿಗಗಳ ಬಗ್ಗೆಯೂ ಅದನ್ನೇ ಹೇಳಬಹುದು. ಇವೆರಡನ್ನೇ ಏಕೆ ಹೋಲಿಸಬೇಕು ಎಂಬುದಕ್ಕೆ ಉತ್ತರ ಅವುಗಳ ವ್ಯತ್ಯಾಸದಲ್ಲಿದೆ. ಗೀಜಗ ಹೊರಗಿನಿಂದ ಎಳೆ ತಂದು ಒಂಟಿಯಾಗಿ ಕಟ್ಟುತ್ತದೆ. ಬೆಳೆದ ಚಗಳಿಗೆ ನೂಲು ತೆಗೆಯುವ ಶಕ್ತಿಯೇ ಇಲ್ಲ. ಹಲವು ಇರುವೆಗಳು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಸರಪಳಿಯಾಗಿ ಹಸಿರೆಲೆಗಳ ಅಂಚುಗಳನ್ನು ಹತ್ತಿರಕ್ಕೆ ಎಳೆದು ಹಿಡಿದಿರುವಾಗ, ಮತ್ತೆ ಕೆಲವು ಇರುವೆಗಳು ತಮ್ಮ ಗೂಡಿನ ಮರಿಹುಳುಗಳನ್ನು ದವಡೆಯಲ್ಲಿ ಕಚ್ಚಿ ತಂದು ಅಂಚಿನಿಂದ ಅಂಚಿಗೆ ಆಡಿಸುತ್ತವೆ. ಹುಳುವಿನ ಬಾಯಿಂದ ಬರುವ ರೇಷ್ಮೆಯೇ ಎಲೆಗಳನ್ನು ಬೆಸೆಯುತ್ತದೆ. ಬೇರೆ ಅನೇಕ ಇರುವೆಗಳ ಮರಿಗಳು ತಮ್ಮ ಸುತ್ತ ಹೆಣೆದುಕೊಳ್ಳುವ ಈ ರೇಷ್ಮೆಯನ್ನು ಚಗಳಿಯ ಮರಿ ಗೂಡಿಗೆ ಕೊಟ್ಟು, ತಾನು ಕೋಶವಿಲ್ಲದೆಯೇ ಬೆಳೆಯುತ್ತದೆ. ಇಷ್ಟು ಬೆರಗಿನ ಸಂಗತಿಯನ್ನು ನೀವು "ಅಂಟಿನಿಂದ ಜೋಡಿಸುತ್ತವೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಗಾಳಿಗೆ ಹರಿದ ಗೂಡನ್ನು ನಿಮ್ಮ ಮನೆಯ ಮಾವಿನ ಕೊಂಬೆಯಲ್ಲಿ ಚಗಳಿಗಳು ಮತ್ತೆ ಹೊಲಿದದ್ದನ್ನು ಮೂರನೆಯ ಪುಟದ ಕೊನೆಯಲ್ಲಿ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಪ್ರಕೃತಿಯ ವೈಚಿತ್ರ್ಯ ಕುರಿತ ಮೊದಲ ಪುಟವನ್ನೂ ಕೊನೆಯ ಉಪದೇಶವನ್ನೂ ತೆಗೆದುಬಿಡಿ. ಮಲೆನಾಡಿನ ಚಗಳಿ ಚಟ್ನಿಯ ಭಾಗ ಚೆನ್ನಾಗಿದೆ, ಆದರೆ ಅದು ಬೇರೆ ಲೇಖನಕ್ಕೆ ಸೇರಬೇಕಾದದ್ದು.

ತಿದ್ದಿದ ಪ್ರತಿಯನ್ನು ಖಂಡಿತ ಮತ್ತೆ ಓದುತ್ತೇನೆ. ಗೀಜಗನ ಅರ್ಧ ಕಟ್ಟಿದ ಗೂಡಿನ ಫೋಟೊ ನಿಮ್ಮಲ್ಲಿದ್ದರೆ ಅದನ್ನೂ ಜೊತೆಗೆ ಕಳುಹಿಸಿ.

ವಂದನೆಗಳೊಂದಿಗೆ,
ಸಂಪಾದಕ