ನಾಯಿಯ ನೆನಪಿಗೆ ಎಣ್ಣೆಬಣ್ಣದ ಚಿತ್ರ ಒಳ್ಳೆಯದೋ, ಡಿಜಿಟಲ್ಲೋ?

ಹದಿಮೂರು ವರ್ಷದ ನಾಯಿ, ಹಿಂಗಾಲು ಎಳೆಯುತ್ತಿದೆ, ಹೋದಮೇಲೆ ಗೋಡೆಗೊಂದು ಚಿತ್ರ ಮಾಡಿಸಬೇಕು, ಯಾವುದು ಒಳ್ಳೆಯದು, ಎಷ್ಟು ಖರ್ಚು ಅಂತ ಕೇಳಿದ್ದೀರಿ. ಆ ‘ಹೋದಮೇಲೆ’ ಓದಿ ಎದೆ ಧಸಕ್ಕೆಂದಿತು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಕೆಂಚ. ಊರು ಬಾಗಲಕೋಟೆ ಜಿಲ್ಲೆ ಅಂದರೆ ಸಾಕು, ಬೆಂಗಳೂರಿನವರು ‘ಮುಧೋಳ ನಾಯಿನಾ?’ ಅಂತ ಕಣ್ಣರಳಿಸುತ್ತಿದ್ದರು. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ಆ ಸಪೂರ ಸೊಂಟದ ಜಾತಿಯೆಲ್ಲಿ, ಸಂತೆಯಿಂದ ಅವ್ವನ ಹಿಂದೆಯೇ ನಡೆದು ಬಂದ ನಮ್ಮ ಕೆಂಚನೆಲ್ಲಿ! ಎಡಗಿವಿ ಅರ್ಧಕ್ಕರ್ಧ ತಂತಿಬೇಲಿಯಲ್ಲಿ ಹರಿದುಹೋಗಿತ್ತು. ಕಣ್ಣು ಜೋನಿಬೆಲ್ಲದ ಬಣ್ಣ. ಹನ್ನೊಂದು ವರ್ಷ ಇದ್ದ. ಹೋದಾಗ ನಾನು ಬೆಂಗಳೂರಲ್ಲಿದ್ದೆ, ಮಣ್ಣು ಮಾಡಿದ್ದು ಅವ್ವ.

ವಾರದೊಳಗೆ ಒಬ್ಬ ಕಲಾವಿದರಿಗೆ ಎಣ್ಣೆಬಣ್ಣದ ಚಿತ್ರಕ್ಕೆ ಹೇಳಿದೆ. ಫೋಟೋ ಕಳಿಸಿ ಅಂದರು. ಫೋನಿನಲ್ಲಿ ಅವನ ಫೋಟೋ ನಾನೂರರ ಮೇಲಿದ್ದವು. ನಾನು ಕಳಿಸಿದ್ದು ಒಂದೇ ಒಂದು. ತಪ್ಪು ಅಂದರೆ ಅದೇ.

ಯಾವ ಫೋಟೋ ಗೊತ್ತೇ? ದೀಪಾವಳಿ ರಾತ್ರಿಯದು. ಸ್ನಾನ ಮಾಡಿಸಿ ಕೊರಳಿಗೆ ರಿಬ್ಬನ್ ಕಟ್ಟಿದ್ದೆವು, ಪಟಾಕಿ ಸದ್ದಿಗೆ ಅವನು ಮುದುಡಿ ಕೂತಿದ್ದ. ಅದನ್ನೇ ಆರಿಸಿದ್ದು ಯಾಕೆ ಅಂದರೆ, ಪಕ್ಕದಲ್ಲಿ ನಾನೂ ಚೆಂದ ಬಂದಿದ್ದೆ. ತಮ್ಮ ನಿಂತುಕೊಂಡೇ ತೆಗೆದಿದ್ದ. ನಿಂತು ಮೇಲಿನಿಂದ ತೆಗೆದರೆ ನಾಯಿಗೆ ತಲೆ ದಪ್ಪ, ಕಾಲು ಮೋಟು. ಸಾಲದ್ದಕ್ಕೆ ಫ್ಲಾಶ್. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸುವ ಒಂದು ಪದರ ಇರುತ್ತದೆ, ಮಬ್ಬಿನಲ್ಲೂ ಕಾಣಲಿ ಅಂತ. ಫ್ಲಾಶ್ ಅದಕ್ಕೆ ಬಡಿದು ಎರಡೂ ಕಣ್ಣು ಹಸಿರು ದೀಪ. ನಿಜವಾದ ಬಣ್ಣ ಕಲಾವಿದರಿಗೆ ಹೇಗೆ ತಿಳಿಯಬೇಕು? ಕಪ್ಪು ಹಾಕಿದರು. ಹರಿದ ಕಿವಿ ಆ ಕಡೆ ತಿರುಗಿತ್ತು, ಅವರು ಎರಡೂ ಕಿವಿ ಪೂರ್ತಿ ಬರೆದರು. ಮೇಲಾಗಿ ಫೋಟೋವನ್ನು ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ್ದೆ, ಡಾಕ್ಯುಮೆಂಟ್ ಮಾಡಿ ಕಳಿಸಿರಲಿಲ್ಲ. ಅದು ಕುಗ್ಗಿ, ಮೂತಿಯ ಮೇಲಿನ ನರೆಗೂದಲೆಲ್ಲ ಅಳಿಸಿಹೋಗಿತ್ತು. ಕಲಾವಿದರದು ಏನೂ ತಪ್ಪಿಲ್ಲ. ಕೆಂಚನನ್ನು ಅವರು ಕಂಡೇ ಇರಲಿಲ್ಲ. ಕಂಡಿದ್ದ ನಾನು ಒಂದು ಸಾಲೂ ಹೇಳಲಿಲ್ಲ.

ಚೌಕಟ್ಟು ಹಾಕಿಸಿ ಊರಿಗೆ ಒಯ್ದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. “ಚೊಲೊ ಐತಿ. ಯಾರ ಮನಿ ನಾಯಿ?”

ಈಗಲೂ ಆ ಚಿತ್ರ ಕಬ್ಬಿಣದ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ.

ಆಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ನೋಡಿದೆ. ಮಂಡ್ಯ ಜಿಲ್ಲೆಯದು, ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗ ದೊರೆ ಬೂತುಗ ತನ್ನ ಬಂಟ ಮಣಲೆರನಿಗೆ ಏನು ಬೇಕು ಕೇಳು ಅಂದನಂತೆ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾನು ಅಲ್ಲಿ ಬಹಳ ಹೊತ್ತು ನಿಂತೆ. ಕಾಳಿಯನ್ನು ಕೊರಳಪಟ್ಟಿ ಹಾಕಿ ಕೂರಿಸಿಲ್ಲ ಆ ಕಲ್ಲುಕುಟಿಗ. ಹಂದಿಯ ಮೇಲೆ ಬಿದ್ದಂತೆಯೇ ಕೆತ್ತಿದ್ದಾನೆ.

ಆದ್ದರಿಂದ ಎಣ್ಣೆಬಣ್ಣವೋ ಡಿಜಿಟಲ್ಲೋ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ನಿಮ್ಮ ನಾಯಿ ಏನು ಮಾಡುತ್ತಿದ್ದರೆ ನಿಮ್ಮ ನಾಯಿ? ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಗೇಟಿನ ಸಂದಿಯಲ್ಲಿ ಮೂತಿ ತೂರಿಸುತ್ತದೆಯೋ, ಚಪ್ಪಲಿ ಮೇಲೆ ತಲೆ ಇಟ್ಟು ಮಲಗುತ್ತದೆಯೋ. ಕಾಯಬೇಡಿ, ನಾಳೆ ಬೆಳಿಗ್ಗೆಯೇ ಬಾಗಿಲ ಬಳಿ ಬೆಳಕಲ್ಲಿ ನೆಲದ ಮೇಲೆ ಕೂತು, ಫೋನನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಎರಡೂ ಪಕ್ಕದಿಂದ ತೆಗೆಯಿರಿ. ಗಾಯದ ಗುರುತು ಮುಚ್ಚಬೇಡಿ. ಚಿತ್ರ ಬರೆಯುವವರು ನಿಮ್ಮೂರಲ್ಲೇ ಇದ್ದರೆ ಮನೆಗೆ ಕರೆದು ಚಹಾ ಕೊಡಿ, ನಾಯಿ ಅವರನ್ನು ಮೂಸಲಿ. ಅದಕ್ಕಿಂತ ಒಳ್ಳೆಯದು, ಒಂದು ಪೆನ್ಸಿಲ್ ತಗೊಂಡು ನೀವೇ ಬರೆಯಿರಿ. ನನಗೆ ಬರಲ್ಲ ಅನ್ನಬೇಡಿ, ನಮ್ಮವ್ವನಿಗೂ ಬರುತ್ತಿರಲಿಲ್ಲ.

ಆ ಬೇಸಿಗೆ ಅವ್ವ ಕೌದಿ ಹೊಲಿಯಲು ಕೂತಳು. ಕೆಂಚ ಮಲಗುತ್ತಿದ್ದ ಹಳೇ ಇಳಕಲ್ ಸೀರೆಯನ್ನು ತೊಳೆದು ಅದರಲ್ಲಿ ಸೇರಿಸಿದಳು. ಒಂದು ಮೂಲೆಯಲ್ಲಿ ಅಪ್ಪನ ಕಂದು ಅಂಗಿಯ ತುಂಡು ಕತ್ತರಿಸಿ, ಸುತ್ತಿಕೊಂಡು ಮಲಗಿದ ಒಂದು ಆಕಾರ ಇಟ್ಟು ಹೊಲಿದಳು. ದೂರದಿಂದ ಅದು ನಾಯಿಯೋ ಚಕ್ಕುಲಿಯೋ ಹೇಳುವುದು ಕಷ್ಟ. ಆದರೆ ಒಂದು ಕಿವಿ ಅರ್ಧ ಇದೆ. ಪಕ್ಕದ ಮನೆಯ ಹುಡುಗ ಬಂದವನೇ ಕೌದಿ ಮೇಲೆ ಕಾಲಿಡದೆ ಸುತ್ತಿ ಹೋದ. “ಕೆಂಚ ಮಲಗ್ಯಾನ” ಅಂದ.

ಖರ್ಚು ಕೇಳಿದ್ದಿರಿ. ನನ್ನ ಚಿತ್ರಕ್ಕೆ 8,500 ರೂಪಾಯಿ, ಚೌಕಟ್ಟಿನದು ಬೇರೆ. ಕೌದಿಗೆ ಎರಡು ಉಂಡೆ ದಾರ.