ಓದುಗರ ಪ್ರಶ್ನೆ: ಲೇಸರ್ ಬೆಳಕಿನಲ್ಲಿ ಮಣ್ಣು

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಮಣ್ಣಿನ ಧಾತುಗಳನ್ನು ಲೇಸರ್‌ನಿಂದ ಗುರುತಿಸುವ ಲಿಬ್ಸ್ ಉಪಕರಣವಿದೆ. ಒಂದೇ ಮಣ್ಣಿನ ಮೇಲೆ ಹತ್ತು ಸಲ ಲೇಸರ್ ಹಾಯಿಸಿದರೆ ಪೊಟ್ಯಾಸಿಯಂ ಹತ್ತು ಬಗೆಯಾಗಿ ಕಾಣುತ್ತದೆ. ಹೆಚ್ಚು ಶಕ್ತಿಯ ಲೇಸರ್ ತಂದರೆ ಸರಿಹೋದೀತೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಲೇಸರ್‌ಗೆ ಹಣ ಸುರಿಯುವ ಮೊದಲು ಮಣ್ಣನ್ನು ಹದಗೊಳಿಸುವ ಕಡೆ ಗಮನ ಕೊಡಿ. ಲೇಸರ್ ತಾಗುವ ಜಾಗ ಒಂದು ಮಿಲಿಮೀಟರಿಗಿಂತಲೂ ಕಿರಿದು. ಮರಳಿನ ಕಣವಾದರೋ 2 ಮಿಲಿಮೀಟರಿನವರೆಗೂ ಇರಬಹುದು. ಹಾಗಾಗಿ ಒಮ್ಮೆ ಪೊಟ್ಯಾಸಿಯಂ ಇಲ್ಲದ ಬೆಣಚುಕಲ್ಲಿನ ಚೂರಿಗೆ, ಮತ್ತೊಮ್ಮೆ ಪೊಟ್ಯಾಸಿಯಂ ತುಂಬಿದ ಅಭ್ರಕದ ಹಳಕಿಗೆ ಲೇಸರ್ ತಾಗಿದರೆ ಉತ್ತರ ಬದಲಾಗುವುದು ಸಹಜ, ಅದರಲ್ಲಿ ಉಪಕರಣದ ತಪ್ಪೇನೂ ಇಲ್ಲ. ಮಣ್ಣನ್ನು ಚೆನ್ನಾಗಿ ಒಣಗಿಸಿ, ನುಣ್ಣಗೆ ಅರೆದು, ಜರಡಿ ಹಿಡಿದು, ಒತ್ತುಯಂತ್ರದಲ್ಲಿ ಬಿಲ್ಲೆ ಮಾಡಿಕೊಳ್ಳಿ. ಬಿಲ್ಲೆಯನ್ನು ಸರಿಸುತ್ತ ಹತ್ತಾರು ಜಾಗಗಳಲ್ಲಿ ದಾಖಲಿಸಿದ ರೋಹಿತಗಳ (ಹೊಮ್ಮಿದ ಬೆಳಕನ್ನು ತರಂಗಾಂತರವಾರು ಬಿಡಿಸಿದ ದಾಖಲೆಗಳ) ಸರಾಸರಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ತೇವವಿದ್ದರೆ ಲೇಸರ್‌ನ ಶಕ್ತಿಯ ಒಂದು ಪಾಲು ನೀರನ್ನು ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ.

ಶಕ್ತಿ ಹೆಚ್ಚಿಸಿದಷ್ಟೂ ಒಳ್ಳೆಯದೆಂಬುದು ನಿಜವಲ್ಲ. ಲೇಸರ್ ತಾಗಿದ ಕಡೆ ಮಣ್ಣಿನಿಂದ ಮೇಲೆದ್ದ ಪ್ಲಾಸ್ಮಾ, ಅಂದರೆ ಬೆಳಗುವ ಅತಿ ಬಿಸಿಯಾದ ಆವಿ, ತೀರ ದಟ್ಟವಾದರೆ ಹಿಂದಿನಿಂದ ಬರುವ ಲೇಸರ್ ಬೆಳಕನ್ನು ಅದೇ ತಡೆಯುತ್ತದೆ; ಅಲ್ಲದೆ ಅದರ ಅಂಚಿನಲ್ಲಿರುವ ತಂಪಾದ ಪರಮಾಣುಗಳು ನಡುವಿನಿಂದ ಹೊಮ್ಮಿದ ಬೆಳಕನ್ನು ಹೀರಿಬಿಡುತ್ತವೆ. ಈ ಸ್ವಹೀರಿಕೆ ಪೊಟ್ಯಾಸಿಯಂನಲ್ಲಿ ವಿಶೇಷವಾಗಿ ಕಾಡುತ್ತದೆ. ಅದನ್ನು ಪತ್ತೆಹಚ್ಚಲು ಸುಲಭವಾದ ದಾರಿಯಿದೆ: ರೋಹಿತದಲ್ಲಿ ಪೊಟ್ಯಾಸಿಯಂನ ಗುರುತಾದ 766.5 ಮತ್ತು 769.9 ನ್ಯಾನೋಮೀಟರ್ ತರಂಗಾಂತರದ ಜೋಡಿ ರೇಖೆಗಳಲ್ಲಿ ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು ಪ್ರಖರವಾಗಿರಬೇಕು. ಆ ಅನುಪಾತ ಒಂದರತ್ತ ಇಳಿದಿದ್ದರೆ ಸ್ವಹೀರಿಕೆ ನಡೆದಿದೆಯೆಂದೇ ತಿಳಿಯಿರಿ. ಮೊದಲ ಕ್ಷಣದ ಹಿನ್ನೆಲೆ ಬೆಳಕು ಅಡಗುವಂತೆ ಒಂದು ಮೈಕ್ರೋಸೆಕೆಂಡಿನಷ್ಟು ತಡೆದು ದಾಖಲಿಸಿದರೆ ರೇಖೆಗಳು ಸ್ಪಷ್ಟವಾಗುತ್ತವೆ.

ಇನ್ನು ಮಾಪನಾಂಕನ, ಅಂದರೆ ರೇಖೆಯ ಪ್ರಖರತೆಯಿಂದ ಧಾತುವಿನ ಪ್ರಮಾಣ ತಿಳಿಯಲು ಅಳತೆಗೆರೆ ಸಿದ್ಧಪಡಿಸುವುದು. ನಿಮ್ಮ ಊರಿನ ಪೂರ್ವಕ್ಕೆ ಎರೆಭೂಮಿ, ಪಶ್ಚಿಮಕ್ಕೆ ಕೆಂಪು ಮಣ್ಣು. ಕೆಂಪು ಮಣ್ಣಿನ ಮಾದರಿಗಳಿಂದ ಸಿದ್ಧಪಡಿಸಿದ ಅಳತೆಗೆರೆಯನ್ನು ಎರೆಮಣ್ಣಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಧಾತುವಿನ ಪ್ರಮಾಣ ಒಂದೇ ಆಗಿದ್ದರೂ ಸುತ್ತಲಿನ ಖನಿಜ ಬೇರೆಯಾದಾಗ ಆವಿಯಾಗುವ ಪ್ರಮಾಣವೂ ಪ್ಲಾಸ್ಮಾದ ಉಷ್ಣತೆಯೂ ಬೇರೆಯಾಗುತ್ತವೆ. ರಂಜಕವನ್ನು ನೋಡುವಾಗಲಂತೂ 253.6 ನ್ಯಾನೋಮೀಟರಿನ ರೇಖೆಯ ಮೇಲೆಯೇ ಕಬ್ಬಿಣದ ರೇಖೆ ಬಂದು ಕೂರುವುದರಿಂದ, ಕಬ್ಬಿಣ ಹೇರಳವಾಗಿರುವ ಕೆಂಪು ಮಣ್ಣಿನಲ್ಲಿ ಅದನ್ನು ನಂಬಲಾಗದು. ಎರಡೂ ಮಣ್ಣುಗಳಿಗೆ, ರಾಸಾಯನಿಕವಾಗಿ ಮೊದಲೇ ಅಳೆದಿಟ್ಟ ಸ್ಥಳೀಯ ಮಾದರಿಗಳಿಂದ, ಪ್ರತ್ಯೇಕ ಅಳತೆಗೆರೆ ಮಾಡಿಕೊಳ್ಳಿ. ಇದು ಬೇಸರದ ಕೆಲಸವೇ ಸರಿ, ಆದರೆ ನನ್ನ ದೃಷ್ಟಿಯಲ್ಲಿ ಇಡೀ ವಿಧಾನದ ಮಾನ ಉಳಿಯುವುದು ಇದರಿಂದಲೇ.

ಪ್ರಶ್ನೆ: 2023ರಲ್ಲಿ ಚಂದ್ರನ ಮಣ್ಣಿನಲ್ಲಿ ಗಂಧಕವಿದೆಯೆಂದು ಪ್ರಜ್ಞಾನ್ ರೋವರ್ ಲೇಸರ್‌ನಿಂದಲೇ ಕಂಡುಕೊಂಡಿತು. ನಮ್ಮ ಹೊಲಕ್ಕೂ ಅಂಥ ಯಂತ್ರ ಬಂದರೆ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೋಗುವುದು ತಪ್ಪೀತೇ?
– ರೈತ ಓದುಗರು, ಗದಗ

ಉತ್ತರ: ಸದ್ಯಕ್ಕೆ ತಪ್ಪದು. ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ರೂಪುಗೊಂಡ ಆ ಉಪಕರಣದ ಮುಂದಿದ್ದ ಪ್ರಶ್ನೆ ಅಲ್ಲಿ ಯಾವ ಧಾತುಗಳಿವೆ ಎಂಬುದು; ನಿಮಗೆ ಬೇಕಾದದ್ದು ಬೆಳೆಯ ಬೇರಿಗೆ ಎಷ್ಟು ದಕ್ಕುತ್ತದೆ ಎಂಬುದು. ಲೇಸರ್ ಕಲ್ಲಿನೊಳಗೆ ಬಂದಿಯಾಗಿರುವ ಪೊಟ್ಯಾಸಿಯಂನ್ನೂ ಸೇರಿಸಿಯೇ ಎಣಿಸುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಅಮೋನಿಯಂ ಅಸಿಟೇಟ್ ದ್ರಾವಣದಿಂದ ಬೇರ್ಪಡಿಸಿ ಅಳೆಯುವುದು ಬೆಳೆಗೆ ಸಿಗಬಲ್ಲ ಪಾಲನ್ನು ಮಾತ್ರ, ಗೊಬ್ಬರದ ಶಿಫಾರಸು ನಿಂತಿರುವುದೂ ಅದರ ಮೇಲೆಯೇ. ಮಣ್ಣಿನ ರಸಸಾರವನ್ನಂತೂ (ಪಿಎಚ್) ಲೇಸರ್ ನೇರವಾಗಿ ಅಳೆಯಲಾರದು.